ಮನೆಯ ಅಲಾರಂ: ಕಂಪನಿಗೆ ಒಪ್ಪಿಸುವುದೋ, ನಾವೇ ನೋಡಿಕೊಳ್ಳುವುದೋ?

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಶಿರಸಿಯ ಒಂದು ಮದುವೆಗೆ ಹೋಗಿದ್ದೆವು. ಮೈಸೂರಿನ ಮನೆಗೆ ಬೀಗ. ಅಲಾರಂ ಹಾಕಿಸಿ ಇನ್ನೂ ಒಂದು ತಿಂಗಳಾಗಿತ್ತು, ಹಾಗಾಗಿ ಧೈರ್ಯವಾಗಿ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಫೋನಿನಲ್ಲಿ ಹನ್ನೊಂದು ಎಚ್ಚರಿಕೆ ಬಂದು ಬಿದ್ದಿವೆ. ಮೊದಲನೆಯದು ರಾತ್ರಿ 1.52ಕ್ಕೆ. ಛತ್ರದಲ್ಲಿ ಎಲ್ಲರೂ ಮಲಗಿದ್ದರಲ್ಲ, ಫೋನನ್ನು ಸೈಲೆಂಟ್ ಮಾಡಿ ಚಾರ್ಜಿಗೆ ಹಾಕಿದ್ದೆ.

ಪಕ್ಕದ ಮನೆಯ ಮೇಷ್ಟ್ರಿಗೆ ಫೋನ್ ಮಾಡಿದೆ. "ಹೌದಪ್ಪ, ರಾತ್ರಿ ಏನೋ ಕೂಗ್ತಿತ್ತು, ಯಾರದೋ ಕಾರು ಅಂದ್ಕೊಂಡೆ" ಅಂದರು. ಅವರು ಚಪ್ಪಲಿ ಹಾಕಿಕೊಂಡು ನಮ್ಮ ಮನೆಯ ಹಿತ್ತಲಿಗೆ ಹೋಗಿ ನೋಡಿ ವಾಪಸ್ ಫೋನ್ ಮಾಡುವವರೆಗಿನ ಹತ್ತು ನಿಮಿಷ ನನಗಿನ್ನೂ ನೆನಪಿದೆ. ಹಿಂಬಾಗಿಲಿನ ಚಿಲಕ ಸರಿಯಾಗಿ ಕೂತಿರಲಿಲ್ಲ, ಮಳೆಗಾಳಿಗೆ ಬಾಗಿಲು ಬಡಿದುಕೊಂಡಿತ್ತು ಅಷ್ಟೇ. ಏನೂ ಹೋಗಿರಲಿಲ್ಲ. ಆದರೆ ನಿಜವಾಗಿ ಯಾರಾದರೂ ನುಗ್ಗಿದ್ದರೆ ಅವರಿಗೆ ಬೆಳಗಿನವರೆಗೂ ಸಮಯವಿತ್ತು. ಸೆನ್ಸರ್ ಕೆಲಸ ಮಾಡಿತ್ತು, ಸೈರನ್ ಕೂಗಿತ್ತು, ಆ್ಯಪ್ ಹನ್ನೊಂದು ಸಲ ಹೇಳಿತ್ತು. ಎದ್ದು ಹೋಗುವವರು ಮಾತ್ರ ಯಾರೂ ಇರಲಿಲ್ಲ.

ಆಮೇಲೆ ಈ ವಿಷಯವನ್ನು ಕೂತು ತಿಳಿದುಕೊಂಡೆ. ಎರಡು ಕಂಪನಿಯವರನ್ನು ಮನೆಗೆ ಕರೆಸಿ ಮಾತಾಡಿದೆ, ಒಬ್ಬರ ಸೇವೆಯನ್ನು ಒಂದು ವರ್ಷ ತಗೊಂಡೂ ನೋಡಿದೆ. ನೀವು ಈಗ ಅಲಾರಂ ಹಾಕಿಸುವ ಯೋಚನೆಯಲ್ಲಿದ್ದರೆ ಯಾವ ಬ್ರ್ಯಾಂಡ್, ಎಷ್ಟು ಸೆನ್ಸರ್ ಅನ್ನುವುದನ್ನು ಸ್ವಲ್ಪ ಬದಿಗಿಡಿ. ರಾತ್ರಿ ಎರಡು ಗಂಟೆಗೆ ಕೂಗಿದರೆ ಯಾರು ಎದ್ದು ಹೋಗುತ್ತಾರೆ? ಅದಕ್ಕೆ ಮೊದಲು ಉತ್ತರ ಹುಡುಕೋಣ.

ಎರಡರ ವ್ಯತ್ಯಾಸ ಇಷ್ಟೇ

ಸಾಮಾನು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬಾಗಿಲು, ಕಿಟಕಿಗೆ ಅಂಟಿಸುವ ಮ್ಯಾಗ್ನೆಟ್ ಸೆನ್ಸರ್, ಹಾಲಿನಲ್ಲಿ ಯಾರಾದರೂ ಓಡಾಡಿದರೆ ಗೊತ್ತುಮಾಡುವ ಪಿಐಆರ್ ಸೆನ್ಸರ್, ಒಂದು ಸೈರನ್, ಇವನ್ನೆಲ್ಲ ಸೇರಿಸುವ ಒಂದು ಪ್ಯಾನೆಲ್. ಆ ಪ್ಯಾನೆಲ್ ಯಾರಿಗೆ ಸುದ್ದಿ ಮುಟ್ಟಿಸುತ್ತದೆ ಅನ್ನುವುದಷ್ಟೇ ಬೇರೆ. ಸುದ್ದಿ ನೇರವಾಗಿ ನಿಮ್ಮ ಫೋನಿಗೆ ಬಂದರೆ ಸ್ವಂತ ನಿಗಾ. ಕಂಪನಿಯ ಕಂಟ್ರೋಲ್ ರೂಮಿಗೆ ಹೋಗಿ, ಅಲ್ಲಿ ಪಾಳಿಯಲ್ಲಿರುವವರು ನಿಮಗೆ, ನಿಮ್ಮ ನೆರೆಯವರಿಗೆ, ಬೇಕಾದರೆ ಪೊಲೀಸರಿಗೆ ಫೋನ್ ಮಾಡಿದರೆ ಕಂಪನಿ ನಿಗಾ. ಅದಕ್ಕೆ ತಿಂಗಳಿಗೋ ವರ್ಷಕ್ಕೋ ಇಷ್ಟು ಅಂತ ದುಡ್ಡು.

ಕ್ಯಾಮೆರಾ ಇದೆ, ಇದೆಲ್ಲ ಯಾಕೆ ಅನ್ನುವವರು ಜಾಸ್ತಿ. ರೆಕಾರ್ಡ್ ಮಾಡುವ ಕ್ಯಾಮೆರಾ ಕಳ್ಳತನ ಆದಮೇಲೆ ಯಾರು ಬಂದಿದ್ದರು ಅಂತ ತೋರಿಸುತ್ತದೆ. ಅಲಾರಂ ಕೂಗುವುದು ಅವರು ಒಳಗಿರುವಾಗಲೇ. ಎರಡೂ ಇದ್ದರೆ ಒಳ್ಳೆಯದು, ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ.

ಮೊದಲ ಹೆಜ್ಜೆ: ಒಂದು ಹಾಳೆಯಲ್ಲಿ ಮೂರು ಹೆಸರು ಬರೆಯಿರಿ

ಮನೆಗೆ ಐದು ಹತ್ತು ನಿಮಿಷದಲ್ಲಿ ಬಂದು ನೋಡಬಲ್ಲ ಮೂರು ಜನ. ನಡುರಾತ್ರಿ ಫೋನ್ ಎತ್ತಬೇಕು, ಬೈದುಕೊಳ್ಳದೆ ಎದ್ದು ಬರಬೇಕು. ಪಕ್ಕದ ಮನೆಯವರು, ಎದುರು ಮನೆಯ ಹುಡುಗ, ಮುಂದಿನ ಕ್ರಾಸಿನಲ್ಲಿರುವ ಭಾವಮೈದುನ, ಯಾರಾದರೂ ಆಗಬಹುದು. ಬರೆದಾದ ಮೇಲೆ ಅವರನ್ನು ಹೋಗಿ ಕೇಳಿ. ಸುಮ್ನೆ ಮನಸ್ಸಿನಲ್ಲೇ ಅಂದುಕೊಳ್ಳಬೇಡಿ. ನಮ್ಮ ಮೇಷ್ಟ್ರಿಗೆ ನಮ್ಮ ಮನೆಯಲ್ಲಿ ಸೈರನ್ ಇದೆ ಅಂತಲೇ ನಾನು ಹೇಳಿರಲಿಲ್ಲ, ಇನ್ನು ಅವರು ಕಾರು ಅಂದುಕೊಂಡಿದ್ದರಲ್ಲಿ ತಪ್ಪೇನಿದೆ?

ಮೂರು ಹೆಸರು ಸಿಕ್ಕರೆ ನೀವು ಅರ್ಧ ಗೆದ್ದಿರಿ. ಸ್ವಂತ ನಿಗಾ ನಿಮಗೆ ಸಾಕಾಗಬಹುದು. ಒಂದೂ ಸಿಗಲಿಲ್ಲ, ಹೊಸ ಬಡಾವಣೆ, ಅಕ್ಕಪಕ್ಕ ಖಾಲಿ ಸೈಟು ಅಂದರೆ ಕಂಪನಿಯವರ ಜೊತೆ ಮಾತಾಡಲೇಬೇಕು. ಆದರೆ ಇಲ್ಲೊಂದು ಮಾತು. ಬಹಳಷ್ಟು ಕಂಪನಿಗಳು ಫೋನ್ ಮಾಡುತ್ತವೆ, ಜನ ಕಳಿಸುವುದಿಲ್ಲ. ಅಂದರೆ ಕಂಪನಿಗೂ ಅದೇ ಮೂರು ಹೆಸರು ಬೇಕು. ಈ ಹಾಳೆಯಿಂದ ನಿಮಗೆ ಬಿಡುಗಡೆ ಇಲ್ಲ.

ಹೆಸರಿನ ಪಕ್ಕ ಇನ್ನೊಂದು ಕೆಲಸ ಬರೆಯಿರಿ: ಒಳಗೆ ಯಾರೂ ನುಗ್ಗಬಾರದು. ಹೊರಗಿನಿಂದ ಲೈಟ್ ಹಾಕಿ ನೋಡುವುದು, ಬೀಗ ಮುರಿದಿದ್ದರೆ ದೂರ ನಿಂತು 112ಕ್ಕೆ ಫೋನ್ ಮಾಡುವುದು, ಅಷ್ಟೇ. ನಮ್ಮ ಚಿನ್ನಕ್ಕೋಸ್ಕರ ಪಕ್ಕದ ಮನೆಯವರು ಏಟು ತಿನ್ನುವಂತಾಗಬಾರದು.

ಎರಡನೇ ಹೆಜ್ಜೆ: ನಿಮ್ಮ ಫೋನ್ ಎಲ್ಲಿರುತ್ತದೆ, ಹೇಗಿರುತ್ತದೆ

ಸ್ವಂತ ನಿಗಾ ಅಂದರೆ ಇಪ್ಪತ್ನಾಲ್ಕು ಗಂಟೆ ಕಂಟ್ರೋಲ್ ರೂಮಿನಲ್ಲಿ ಕೂತವರು ನೀವೇ. ಕಾರ್ಖಾನೆಯ ಒಳಗೆ ಫೋನ್ ಒಯ್ಯುವಂತಿಲ್ಲವೇ? ಆಪರೇಷನ್ ಥಿಯೇಟರಿನಲ್ಲಿ ಕೆಲಸವೇ? ಘಟ್ಟದ ರಸ್ತೆಯಲ್ಲಿ ಬಸ್ ಓಡಿಸುತ್ತೀರೇ? ಹಾಗಿದ್ದರೆ ಒಬ್ಬರ ಫೋನ್ ನಂಬುವಂತಿಲ್ಲ. ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ, ಸಾಧ್ಯವಾದರೆ ಬೇರೆ ಊರಿನಲ್ಲಿರುವ ತಮ್ಮನದೋ ಮಗಳದೋ ಫೋನಿನಲ್ಲೂ ಆ್ಯಪ್ ಇರಲಿ.

ಆ್ಯಂಡ್ರಾಯ್ಡ್ ಫೋನಿದ್ದವರು ಬ್ಯಾಟರಿ ಸೆಟ್ಟಿಂಗಿಗೆ ಹೋಗಿ ಈ ಆ್ಯಪಿಗೆ ನಿರ್ಬಂಧ ಇಲ್ಲ ಅಂತ ಮಾಡಿ. ಕೆಲವು ಫೋನುಗಳು ಬ್ಯಾಟರಿ ಉಳಿಸುವುದಕ್ಕೆ ಆ್ಯಪನ್ನೇ ಮಲಗಿಸಿಬಿಡುತ್ತವೆ, ಎಚ್ಚರಿಕೆ ಬರುವುದೇ ಇಲ್ಲ. ರಾತ್ರಿ 'ತೊಂದರೆ ಕೊಡಬೇಡಿ' ಹಾಕುವ ಅಭ್ಯಾಸವಿದ್ದರೆ ಅದರಲ್ಲೂ ಈ ಆ್ಯಪಿಗೆ ಬಾಗಿಲು ತೆರೆದಿಡಿ. ಬರೀ ನೋಟಿಫಿಕೇಶನ್ ಕಳಿಸುವ ಪ್ಯಾನೆಲ್‌ಗಿಂತ ನೇರ ಫೋನ್ ಕರೆ ಮಾಡುವ ಪ್ಯಾನೆಲ್ ಎಷ್ಟೋ ವಾಸಿ. ಮೆಸೇಜಿನ 'ಟಿಂಗ್' ಗೆ ಯಾರೂ ಏಳುವುದಿಲ್ಲ, ರಿಂಗ್ ಆದರೆ ಏಳುತ್ತೇವೆ.

ಮಕ್ಕಳು ಅಮೆರಿಕದಲ್ಲಿ, ಅಪ್ಪ ಅಮ್ಮ ಇಲ್ಲಿ ಅನ್ನುವ ಮನೆಗಳು ನಮ್ಮ ಬೀದಿಯಲ್ಲೇ ನಾಲ್ಕಿವೆ. ಅಷ್ಟು ದೂರದಿಂದ ಏನು ನಿಗಾ ಅನಿಸಬಹುದು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಮಧ್ಯಾಹ್ನ ಒಂದೂವರೆ ಆದಾಗ ನಮಗೆ ರಾತ್ರಿ ಎರಡು. ನಾವು ಗಾಢ ನಿದ್ದೆಯಲ್ಲಿರುವಾಗ ಆ ಮಗಳು ಎಚ್ಚರವಾಗಿ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾಳೆ. ಅವಳಿಗಿಂತ ಒಳ್ಳೆಯ ರಾತ್ರಿ ಪಾಳಿ ಯಾರು ಮಾಡುತ್ತಾರೆ ಹೇಳಿ. ಒಂದೇ ತೊಂದರೆ, ಅಲ್ಲಿಂದ 112 ಒತ್ತಿದರೆ ಮೈಸೂರಿನ ಪೊಲೀಸರಿಗೆ ಹೋಗುವುದಿಲ್ಲ. ನಿಮ್ಮ ಠಾಣೆಯ ಸ್ಥಿರ ದೂರವಾಣಿ ನಂಬರನ್ನು +91 ಮತ್ತು ಊರಿನ ಕೋಡ್ ಸೇರಿಸಿ (ಮೈಸೂರಾದರೆ 821, ಬೆಂಗಳೂರಾದರೆ 80) ಅವಳ ಫೋನಿನಲ್ಲಿ ಮೊದಲೇ ಉಳಿಸಿಕೊಡಿ. ಮೂರು ಹೆಸರಿನ ಆ ಹಾಳೆಯ ಫೋಟೊ ಕೂಡ.

ಮೂರನೇ ಹೆಜ್ಜೆ: ಸುದ್ದಿ ಮನೆಯಿಂದ ಹೊರಗೆ ಹೇಗೆ ಹೋಗುತ್ತದೆ

ಯಾವ ನಿಗಾ ಆದರೂ ಸರಿ, ಸೋಲುವುದು ಹೆಚ್ಚಾಗಿ ಇಲ್ಲಿ. ನಮ್ಮಲ್ಲಿ ಊರಿಗೆ ಹೊರಡುವಾಗ ಮಾಡುವ ಕೊನೆಯ ಕೆಲಸ ಏನು? ಗ್ಯಾಸ್ ಬಂದ್ ಮಾಡಿ, ನಲ್ಲಿ ನೋಡಿ, ಮೇನ್ ಸ್ವಿಚ್ ಆಫ್ ಮಾಡುವುದು. ನನ್ನ ಅಮ್ಮ ಇವತ್ತಿಗೂ ಹಾಗೆಯೇ ಮಾಡುತ್ತಾರೆ. ಮೇನ್ ಆಫ್ ಆದರೆ ರೂಟರ್ ಹೋಯಿತು, ಕ್ಯಾಮೆರಾ ಹೋಯಿತು, ಪ್ಯಾನೆಲ್ ತನ್ನ ಬ್ಯಾಟರಿಯ ಮೇಲೆ ಕೆಲವು ಗಂಟೆ ನಡೆದು ಅದೂ ಹೋಯಿತು. ಮನೆ ಖಾಲಿಯಾದ ದಿನವೇ ಅಲಾರಂ ಸತ್ತಿರುತ್ತದೆ. ಇದಕ್ಕೆ ಎಲೆಕ್ಟ್ರಿಷಿಯನ್ ಕರೆಸಿ ರೂಟರ್, ಪ್ಯಾನೆಲ್, ಫ್ರಿಜ್ ಇವಕ್ಕೆ ಬೇರೆ ಎಂಸಿಬಿ (ಮೇನ್ ಪೆಟ್ಟಿಗೆಯೊಳಗಿನ ಪುಟ್ಟ ಸ್ವಿಚ್) ಮಾಡಿಸಿ, ಹೊರಡುವಾಗ ಮೇನ್ ಬದಲು ಉಳಿದ ಎಂಸಿಬಿಗಳನ್ನಷ್ಟೇ ಆಫ್ ಮಾಡಿ. ಮೇನ್ ಮೇಲೂ ಈ ಬೇರೆ ಎಂಸಿಬಿಯ ಮೇಲೂ ಕೆಂಪು ಟೇಪ್ ಅಂಟಿಸಿ 'ಇದನ್ನು ಆಫ್ ಮಾಡಬೇಡಿ' ಅಂತ ಕನ್ನಡದಲ್ಲಿ ಬರೆಯಿರಿ. ಅರ್ಧ ದಿನದ ಕೆಲಸ, ಅಷ್ಟೇ.

ಇನ್ನು ಕರೆಂಟ್ ಹೋದಾಗಿನ ಮಾತು. ಮಳೆಗಾಲದಲ್ಲಿ ಮಲೆನಾಡು ಕಡೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸತಲ್ಲ. ಪ್ಯಾನೆಲ್ ಒಳಗಿನ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅಂತ ಕೇಳಿ, ನಂತರ ಒಂದು ದಿನ ನೀವೇ ಪ್ಲಗ್ ಕಿತ್ತು ನೋಡಿ. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ತಗೊಳ್ಳಿ. ಆದರೂ ಬೀದಿಯಲ್ಲಿರುವ ಕೇಬಲ್‌ನವರ ಪೆಟ್ಟಿಗೆಗೇ ಕರೆಂಟ್ ಇಲ್ಲದಿದ್ದರೆ ಇಂಟರ್‌ನೆಟ್ ಬರುವುದಿಲ್ಲ. ಅದಕ್ಕೇ ಬರೀ ವೈಫೈ ಮೇಲೆ ನಡೆಯುವ ಸೆಟ್ ಖಾಲಿ ಮನೆಗೆ ಬೇಡ ಅಂತ ನನ್ನ ಅಭಿಪ್ರಾಯ. ವೈಫೈ ಜೊತೆ ಸಿಮ್ ಕೂಡ ಇರುವುದನ್ನೇ ಕೊಳ್ಳಿ.

ಸಿಮ್ ವಿಷಯದಲ್ಲಿ ಜನ ಎರಡು ಕಡೆ ಎಡವುತ್ತಾರೆ. ಕಡಿಮೆ ಬೆಲೆಯ ಎಷ್ಟೋ ಪ್ಯಾನೆಲ್‌ಗಳು ಇನ್ನೂ 2ಜಿಯವು. ಜಿಯೋಗೆ 2ಜಿ ಜಾಲವೇ ಇಲ್ಲ, ಅದರ ಸಿಮ್ ಹಾಕಿದರೆ ಪ್ಯಾನೆಲ್ ಮೂಕನಂತೆ ಕೂತಿರುತ್ತದೆ. ಆದ್ದರಿಂದ 4ಜಿ ಪ್ಯಾನೆಲ್ ಕೇಳಿ ತಗೊಳ್ಳಿ, ಮನೆಯ ಒಳಗೆ ಯಾರ ಸಿಗ್ನಲ್ ಚೆನ್ನಾಗಿದೆ ಅಂತ ನೋಡಿ ಸಿಮ್ ಹಾಕಿ. ಎರಡನೆಯದು ರೀಚಾರ್ಜ್. ಪ್ಯಾನೆಲ್ ಸಿಮ್ಮಿನಿಂದ ಯಾರೂ ಮಾತಾಡುವುದಿಲ್ಲವಲ್ಲ, ಹಾಗಾಗಿ ಅದು ಮುಗಿದಿದ್ದು ಗೊತ್ತೇ ಆಗುವುದಿಲ್ಲ. ಪ್ರೀಪೇಯ್ಡ್ ಸಿಮ್ 90 ದಿನ ಬಳಕೆಯೇ ಇಲ್ಲದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದೆ ಬಿದ್ದಿದ್ದರೆ ನಂಬರೇ ರದ್ದಾಗಬಹುದು. ವರ್ಷದ ಪ್ಲಾನ್ ಹಾಕಿಸಿ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕಂಪನಿ ನಿಗಾ ಇದ್ದವರಿಗೆ ಇಲ್ಲೊಂದು ಅನುಕೂಲವಿದೆ. ಒಳ್ಳೆಯ ಕಂಪನಿಯಾದರೆ ಪ್ಯಾನೆಲ್ ಇಷ್ಟಿಷ್ಟು ಹೊತ್ತಿಗೆ 'ನಾನಿದ್ದೇನೆ' ಅಂತ ಕಂಟ್ರೋಲ್ ರೂಮಿಗೆ ಹೇಳುತ್ತಿರಬೇಕು, ಸದ್ದು ನಿಂತರೆ ಅವರೇ ಫೋನ್ ಮಾಡಬೇಕು. ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಿ. ದಿನಕ್ಕೊಮ್ಮೆ ಅಂದರೆ ಅದು ಉಪಯೋಗಕ್ಕೆ ಬರುವುದಿಲ್ಲ.

ನಾಲ್ಕನೇ ಹೆಜ್ಜೆ: ಕಂಪನಿಯವರನ್ನು ಕೂರಿಸಿಕೊಂಡು ಕೇಳಬೇಕಾದ್ದು

ಮಾರಾಟಕ್ಕೆ ಬರುವ ಹುಡುಗರು ಟ್ಯಾಬ್ ತೆಗೆದು ಚಂದದ ವಿಡಿಯೊ ತೋರಿಸುತ್ತಾರೆ. ಕಾಫಿ ಕೊಡಿ, ವಿಡಿಯೊ ನೋಡಿ, ಆಮೇಲೆ ಇವನ್ನು ಕೇಳಿ.

ಕಂಟ್ರೋಲ್ ರೂಂ ಎಲ್ಲಿದೆ? ಇದು ಸಣ್ಣ ಪ್ರಶ್ನೆಯಲ್ಲ. 112ಕ್ಕೆ ಮಾಡಿದ ಕರೆ, ಕರೆ ಮಾಡಿದವರು ಇರುವ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ. ಕಂಟ್ರೋಲ್ ರೂಂ ಬೇರೆ ರಾಜ್ಯದಲ್ಲಿದ್ದರೆ ಅವರು 112 ಒತ್ತಿ ನಿಮ್ಮ ಮನೆಗೆ ಪೊಲೀಸರನ್ನು ಕಳಿಸುವುದು ನೇರದ ದಾರಿಯಲ್ಲ. ನಿಮ್ಮ ಠಾಣೆಯ ನಂಬರ್ ಅವರ ಪರದೆಯ ಮೇಲೆ ಇರಬೇಕು. ಇದೆಯಾ ಅಂತ ಕೇಳಿ, ಓದಿ ಹೇಳಿ ಅನ್ನಿ.

ರಾತ್ರಿ ಪಾಳಿಯಲ್ಲಿ ಕನ್ನಡ ಮಾತಾಡುವವರು ಇರುತ್ತಾರಾ? ನಾನು ಒಂದು ವರ್ಷ ತಗೊಂಡಿದ್ದ ಸೇವೆಯಲ್ಲಿ ಒಂದು ರಾತ್ರಿ ಅಲಾರಂ ಆದಾಗ ಅಮ್ಮನಿಗೆ ಫೋನ್ ಬಂತು. ಆ ಕಡೆಯವರು ಹಿಂದಿಯಲ್ಲಿ ಏನೋ ಕೇಳಿದರು, ಮತ್ತೆ ಇಂಗ್ಲಿಷಿನಲ್ಲಿ ಕೇಳಿದರು. ಅಮ್ಮನಿಗೆ ಎರಡೂ ಬಾರದು. ಗಾಬರಿಯಾಗಿ ಫೋನ್ ಇಟ್ಟುಬಿಟ್ಟರು. ಕಂಪನಿಯ ಪುಸ್ತಕದಲ್ಲಿ 'ಗ್ರಾಹಕರು ಸ್ಪಂದಿಸಿದರು' ಅಂತ ಬರೆದುಕೊಂಡು ಆ ಕರೆಯನ್ನು ಮುಗಿಸಿದ್ದರು. ಎಪ್ಪತ್ತೆರಡು ವರ್ಷದ ಹೆಂಗಸು ಒಬ್ಬರೇ ಇದ್ದ ಮನೆ ಅದು. ಅವತ್ತು ಹಲ್ಲಿ ಕಾರಣ, ಬೇರೇನಿಲ್ಲ. ಆದರೆ ನಾನು ಮುಂದಿನ ವರ್ಷಕ್ಕೆ ದುಡ್ಡು ಕಟ್ಟಲಿಲ್ಲ. ದುಡ್ಡು ಕೊಡುವುದೇ ಕಷ್ಟದಲ್ಲಿ ಒಂದು ಮಾತು ಕೇಳಿಸಲಿ ಅಂತ, ಆ ಮಾತು ಅರ್ಥವಾಗುವ ಭಾಷೆಯಲ್ಲೇ ಇಲ್ಲದಿದ್ದರೆ ಏನು ಬಂತು?

ಜನ ಕಳಿಸುತ್ತೀರಾ? ಹೌದು ಅಂದರೆ ಗಾಡಿ ಎಲ್ಲಿ ನಿಂತಿರುತ್ತದೆ, ರಾತ್ರಿ ಎಷ್ಟು ಗಾಡಿ, ಸಲಕ್ಕೆ ಬೇರೆ ದುಡ್ಡಾ ಅಂತ ಕೇಳಿ. ಕಾವಲುಗಾರರನ್ನು ಕೊಡುವ ಏಜೆನ್ಸಿಗೆ ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಂತೆ ರಾಜ್ಯದ ಲೈಸೆನ್ಸ್ ಬೇಕು. ಅದರ ಪ್ರತಿ ತೋರಿಸಿ ಅನ್ನಿ. ತೋರಿಸಲು ಹಿಂಜರಿದರೆ ಅಲ್ಲಿಗೆ ಮಾತು ಮುಗಿಸಿ.

ಮೊದಲು ಯಾರಿಗೆ ಕರೆ, ಎತ್ತದಿದ್ದರೆ ಎಷ್ಟು ನಿಮಿಷಕ್ಕೆ ಎರಡನೆಯವರಿಗೆ, ಯಾರೂ ಎತ್ತದಿದ್ದರೆ ಏನು? ಇದನ್ನು ಬರಹದಲ್ಲಿ ತಗೊಳ್ಳಿ. ಒಪ್ಪಂದ ಮಧ್ಯದಲ್ಲಿ ಬಿಟ್ಟರೆ ಪ್ಯಾನೆಲ್ ನಮ್ಮದಾ ಅವರದಾ, ಅದು ಬೇರೆಯವರ ಜೊತೆ ಕೆಲಸ ಮಾಡುತ್ತದಾ ಅನ್ನುವುದನ್ನೂ. ನಿಮ್ಮ ಮನೆಯೊಳಗಿನ ಕ್ಯಾಮೆರಾ ಚಿತ್ರ ಅವರು ಯಾವಾಗ ಬೇಕಾದರೂ ನೋಡಬಹುದಾ, ಅಲಾರಂ ಆದಾಗ ಮಾತ್ರವಾ? ಮಲಗುವ ಕೋಣೆಯ ಕಡೆ ಕ್ಯಾಮೆರಾ ಇಡಲೇಬೇಡಿ, ಯಾರು ಏನೇ ಹೇಳಲಿ. ಕ್ಯಾಮೆರಾ ಹೊಸದಾಗಿ ಕೊಳ್ಳುವುದಾದರೆ 2025ರ ಏಪ್ರಿಲ್‌ನಿಂದ ಜಾರಿಯಾದ ಸರ್ಕಾರದ ಭದ್ರತಾ ಪರೀಕ್ಷೆ ಪಾಸಾದದ್ದೇ ಕೇಳಿ.

ದುಡ್ಡಿನ ಲೆಕ್ಕ

ಐದು ವರ್ಷಕ್ಕೆ ಹಾಕಿ ನೋಡಿ, ತಿಂಗಳಿಗಲ್ಲ. ಉದಾಹರಣೆಗೆ ಕಂಪನಿ ತಿಂಗಳಿಗೆ 800 ರೂಪಾಯಿ ಹೇಳಿತು ಅನ್ನಿ. 18% ಜಿಎಸ್‌ಟಿ ಸೇರಿ 944. ವರ್ಷಕ್ಕೆ 11,328. ಐದು ವರ್ಷಕ್ಕೆ 56,640. ಇದರ ಮೇಲೆ ಸಾಮಾನಿನ ಬೆಲೆ. ಸ್ವಂತ ನಿಗಾದಲ್ಲಿ ಸಾಮಾನು, ಸಿಮ್ ರೀಚಾರ್ಜ್, ಸೆನ್ಸರ್ ಬ್ಯಾಟರಿ ಇಷ್ಟೇ. ಉಳಿಯುವ ದುಡ್ಡಿನಲ್ಲಿ ಹಿಂಬಾಗಿಲಿಗೆ ಗಟ್ಟಿ ಬೋಲ್ಟು, ಕಿಟಕಿಗೆ ಗ್ರಿಲ್ಲು ಹಾಕಿಸಬಹುದು. ಒಡವೆಗಳನ್ನು ಬ್ಯಾಂಕ್ ಲಾಕರಿನಲ್ಲಿ ಇಡಬಹುದು. ವಿಮೆ ಇದೆಯಲ್ಲ ಅಂತ ನಂಬಿಕೊಂಡವರು ಪಾಲಿಸಿ ತೆಗೆದು ಓದಿ: 2021ರಲ್ಲಿ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿ ಬೆಂಕಿ, ಪ್ರವಾಹದಂಥವಕ್ಕೆ. ಅಂಥದ್ದು ಆದ 7 ದಿನದೊಳಗಿನ ಕಳ್ಳತನ ಬಿಟ್ಟರೆ ಬೀಗ ಮುರಿದು ಮಾಡುವ ಮಾಮೂಲಿ ಕಳವು ಅದರಲ್ಲಿ ಸೇರುವುದಿಲ್ಲ. ಅದಕ್ಕೆ ಬೇರೆ ವಿಮೆ ತಗೊಳ್ಳಬೇಕು.

ಐದನೇ ಹೆಜ್ಜೆ: ಸುಳ್ಳು ಕೂಗು ಕಡಿಮೆ ಮಾಡಿ

ಸುಮ್ಮಸುಮ್ಮನೆ ಕೂಗುವ ಅಲಾರಮ್ಮನ್ನು ಎರಡು ವಾರದಲ್ಲಿ ಬೀದಿಯೇ ಕಡೆಗಣಿಸುತ್ತದೆ. ಮನೆಯವರಂತೂ ಆಫ್ ಮಾಡಿ ಮರೆಯುತ್ತಾರೆ. ಪಿಐಆರ್ ಸೆನ್ಸರ್ ನೋಡುವುದು ಓಡಾಡುವ ಶಾಖವನ್ನು. ಹಲ್ಲಿ ಅದರ ಕಣ್ಣಿನ ಮೇಲೇ ಹರಿದರೆ ಅದಕ್ಕೆ ದೊಡ್ಡ ಮನುಷ್ಯನೇ. ಜೇಡ ಬಲೆ ಕಟ್ಟಿದರೂ ಅದೇ ಕಥೆ. ಟ್ಯೂಬ್‌ಲೈಟಿನ ಹತ್ತಿರ ಸೆನ್ಸರ್ ಇಡಬೇಡಿ, ಹುಳ ಹಿಡಿಯಲು ಹಲ್ಲಿ ಬರುವುದೇ ಅಲ್ಲಿಗೆ. ಬಿಸಿಲು ನೇರ ಬೀಳುವ ಕಿಟಕಿಗೆ ಎದುರಾಗಿಯೂ ಬೇಡ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ.

ರಾಯಚೂರು, ಕಲಬುರಗಿ ಕಡೆಯವರಿಗೆ ತದ್ವಿರುದ್ಧದ ಸಮಸ್ಯೆ. ಮುಚ್ಚಿದ ಮನೆಯೊಳಗೆ ಬೇಸಿಗೆಯಲ್ಲಿ ಗೋಡೆಯ ಬಿಸಿ ಮೈ ಬಿಸಿಗೆ ಸಮನಾಗಿಬಿಟ್ಟರೆ ಸೆನ್ಸರಿಗೆ ಮನುಷ್ಯ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಬಾಗಿಲು ಕಿಟಕಿಯ ಮ್ಯಾಗ್ನೆಟ್ ಸೆನ್ಸರ್‌ಗಳನ್ನೇ ಹೆಚ್ಚು ನೆಚ್ಚಿಕೊಳ್ಳಿ. ಹಂಚಿನ ಮನೆಯವರಿಗೆ ಬಾಗಿಲ ಸೆನ್ಸರ್ ಮಾತ್ರ ಸಾಲದು. ಹಂಚು ಸರಿಸಿ ಒಳಗಿಳಿದವರು ಬಾಗಿಲು ಮುಟ್ಟುವುದೇ ಇಲ್ಲ. ನಡುಮನೆಯಲ್ಲಿ ಒಂದು ಪಿಐಆರ್ ಬೇಕೇ ಬೇಕು. ಅಟ್ಟದ ಮೇಲೆ ವೈರ್ ಎಳೆಯಬೇಡಿ, ಇಲಿ ಬಿಡುವುದಿಲ್ಲ.

ಹಾಗಾದರೆ ಯಾವುದು?

ಅಪಾರ್ಟ್‌ಮೆಂಟು, ಗೇಟಿನಲ್ಲಿ ರಾತ್ರಿಯಿಡೀ ಸೆಕ್ಯುರಿಟಿ: ಸ್ವಂತ ನಿಗಾ ಸಾಕು, ಸೆಕ್ಯುರಿಟಿಯ ಫೋನ್ ನಂಬರ್ ಕರೆ ಪಟ್ಟಿಯಲ್ಲಿ ಮೊದಲಿರಲಿ. ಬೀದಿಯಲ್ಲಿ ನಾಲ್ಕು ಜನ ಪರಿಚಯವಿರುವ ಹಳೆಯ ಬಡಾವಣೆಯ ಸ್ವಂತ ಮನೆಗೂ ಅದೇ.

ವಯಸ್ಸಾದವರು ಒಬ್ಬರೇ ಇರುವ ಮನೆಗೆ ಮಾತ್ರ, ಕನ್ನಡ ಬಲ್ಲ, ಈ ಊರಿನಲ್ಲೇ ಗಾಡಿ ಇಟ್ಟಿರುವ ಕಂಪನಿ ಸಿಕ್ಕರೆ, ದುಡ್ಡು ಕೊಟ್ಟರೂ ಕಂಪನಿ ನಿಗಾನೇ ಸರಿ ಅನ್ನುತ್ತೇನೆ. ಕಳ್ಳರಿಗಿಂತ ಜಾಸ್ತಿ, ಬಚ್ಚಲಲ್ಲಿ ಜಾರಿ ಬಿದ್ದಾಗ ಒತ್ತುವ ಪ್ಯಾನಿಕ್ ಬಟನ್ನಿಗೋಸ್ಕರ. ಅಂಥ ಕಂಪನಿ ಸಿಗದಿದ್ದರೆ ಬಟನ್ ಇರುವ ಸ್ವಂತ ಸೆಟ್ ಹಾಕಿಸಿ, ಅದು ಮಕ್ಕಳಿಗೂ ನೆರೆಯವರಿಗೂ ಒಟ್ಟಿಗೆ ಕರೆ ಮಾಡುವಂತೆ ಮಾಡಿ.

ಕೊಡಗು, ಚಿಕ್ಕಮಗಳೂರು ಕಡೆಯ ತೋಟದ ಮನೆಯವರು ಕಂಪನಿಯ ಮಾತಿಗೆ ಸುಲಭಕ್ಕೆ ಒಪ್ಪಬೇಡಿ. ಪಟ್ಟಣದಲ್ಲಿ ನಿಂತ ಗಾಡಿ ಆ ದಾರಿಯಲ್ಲಿ ಮುಕ್ಕಾಲು ಗಂಟೆಗೂ ಬರುವುದಿಲ್ಲ. ಅಲ್ಲಿ ಜೋರಾದ ಸೈರನ್ನು, ಹೊರಗೆ ಫ್ಲಡ್ ಲೈಟು, ಲೈನ್ ಮನೆಯವರಿಗೆ (ತೋಟದಲ್ಲೇ ಇರುವ ಕೆಲಸಗಾರರಿಗೆ) ಮೊದಲ ಕರೆ. ಕಳ್ಳರನ್ನು ಓಡಿಸುವುದು ಅದೇ.

ವರ್ಷಕ್ಕೆ ಒಂದೆರಡು ಸಲ ಮಾತ್ರ ಬೀಗ ಹಾಕಿ ಹೋಗುವವರು ಠಾಣೆಗೆ ತಿಳಿಸಿ ಹೋಗಿ, ರಾತ್ರಿ ಬೀಟಿನವರು ಆ ಕಡೆ ಕಣ್ಣು ಹಾಯಿಸುತ್ತಾರೆ. ಪೇಪರ್, ಹಾಲು ನಿಲ್ಲಿಸಿ. ಬೆಳಗ್ಗೆ ಬಾಗಿಲ ಮುಂದೆ ನೀರು ಹಾಕಿ ಒಂದೆಳೆ ರಂಗೋಲಿ ಬಿಡಲು ಯಾರಿಗಾದರೂ ಹೇಳಿ. ಮೂರು ದಿನ ರಂಗೋಲಿ ಇಲ್ಲದ ಬಾಗಿಲು ಮನೆ ಖಾಲಿ ಅಂತ ಬೋರ್ಡ್ ಹಾಕಿದ ಹಾಗೆ.

ಕೊನೆಯ ಹೆಜ್ಜೆ: ಬಾಗಿಲು ತೆರೆದು ನೋಡಿ

ಎಲ್ಲ ಹಾಕಿಸಿದ ಮೇಲೆ, ಯಾರಿಗೂ ಹೇಳದೆ ಒಂದು ಸಂಜೆ ಅಲಾರಂ ಆನ್ ಮಾಡಿ ಹಿಂಬಾಗಿಲು ತೆಗೆಯಿರಿ. ಗಡಿಯಾರ ನೋಡಿ. ಸೈರನ್ ಎಷ್ಟು ಸೆಕೆಂಡಿಗೆ, ಫೋನ್ ಎಷ್ಟು ಹೊತ್ತಿಗೆ, ಕಂಪನಿಯಿದ್ದರೆ ಅವರ ಕರೆ ಯಾವಾಗ, ಪಕ್ಕದ ಮನೆಯವರು ಯಾವಾಗ ಹೊರಗೆ ಬಂದರು, ಎಲ್ಲ ಬರೆದುಕೊಳ್ಳಿ. ಆಮೇಲೆ ರೂಟರ್ ಪ್ಲಗ್ ಕಿತ್ತು ಇನ್ನೊಮ್ಮೆ. ತೊಂದರೆ ಕೊಟ್ಟಿದ್ದಕ್ಕೆ ಅವತ್ತೇ ನೆರೆಯವರಿಗೆ ಕಾಫಿ ಕುಡಿಸಿ. ನಾವು ತಿಂಗಳ ಮೊದಲ ಭಾನುವಾರ ಮಾಡುತ್ತೇವೆ. ಮೊದಲ ಸಲ ಮೇಷ್ಟ್ರು ಗೇಟಿಗೆ ಬರಲು ಹನ್ನೊಂದು ನಿಮಿಷ ತಗೊಂಡರು. ಹೋದ ತಿಂಗಳು ಎರಡೇ ನಿಮಿಷ, ಕೈಯಲ್ಲಿ ಟಾರ್ಚು ಹಿಡಿದು ನಿಂತಿದ್ದರು.